ಸೋಮವ್ವನ ಮಹಡಿ

ಲಕ್ಷ್ಮವ್ವ ಕುರ್ಲಾದ ಚಾಳಿನಿಂದ ಸಾಂತಾಕ್ರೂಜ್‌ನ ಗಾಜಿನ ಕಟ್ಟಡಕ್ಕೆ ಶೌಚಾಲಯ ತೊಳೆಯಲು ಹೋಗುತ್ತಾಳೆ. ಹೊರಡುವ ಮೊದಲು ಕಸ ಗುಡಿಸಿ, ರೊಟ್ಟಿ ಬಡಿದು, ಗಂಡ ಗುರಲಿಂಗಪ್ಪನ ಡಬ್ಬಿ ಕಟ್ಟಿಟ್ಟಿರುತ್ತಾಳೆ. ಅದೂ ಕೆಲಸವೆಂದು ಅವಳೇ ಎಂದೂ ಅಂದುಕೊಂಡಿಲ್ಲ. ಪಕ್ಕದ ಖೋಲಿಯ ಸೋಮವ್ವನೂ ಅದೇ ಕಟ್ಟಡದಲ್ಲಿ. ಇವಳದು ಮೂರನೇ ಮಹಡಿ, ಅವಳದು ನಾಲ್ಕನೆಯದು.

ಅಲ್ಲಿನ ಕಂಪನಿಗೂ ಇವರ ಗುತ್ತಿಗೆದಾರನಿಗೂ ಒಂದು ಕರಾರಿದೆ. ಎಸ್‌ಎಲ್‌ಎ ಅನ್ನುತ್ತಾರೆ. ಶೌಚಾಲಯ ಗಲೀಜಾಗಿದೆಯೆಂದು ಯಾರಾದರೂ ಗೋಡೆಯ ಗುಂಡಿ ಒತ್ತಿದರೆ ಆ ಮಹಡಿಯ ಮೊಬೈಲು ಕೂಗುತ್ತದೆ; ಹದಿನೈದು ನಿಮಿಷದೊಳಗೆ ಒರೆಸಿ ಮುಗಿಸಬೇಕು. ತಡವಾದರೆ ಸೂಪರ್‌ವೈಸರ್ ದೇವಾನಂದನ ಪರದೆಯಲ್ಲಿ ಮಹಡಿ ಕೆಂಪಾಗುತ್ತದೆ, ಗುತ್ತಿಗೆದಾರನಿಗೆ ದಂಡ ಬೀಳುತ್ತದೆ.

ಭಾಂಡುಪ್‌ನಲ್ಲಿರುವ ಸೋಮವ್ವನ ಮಗಳು ಸಪ್ನಾ ಹೆತ್ತಳು. ಬಾಣಂತನಕ್ಕೆ ರಜೆ ಕೇಳಿದರೆ ಬದಲಿ ಹೆಂಗಸನ್ನು ತರುತ್ತಾರೆ. ಹಾಗೆ ಬಂದವರು ಮತ್ತೆ ಜಾಗ ಬಿಟ್ಟುಕೊಟ್ಟದ್ದನ್ನು ಯಾರೂ ಕಂಡಿಲ್ಲ. ಸೋಮವ್ವ ಅತ್ತಳು.

"ನೀ ಹೋಗಿ ಬಾ ಯಕ್ಕಾ," ಎಂದಳು ಲಕ್ಷ್ಮವ್ವ. "ನಿನ್ನ ಮಹಡೀನೂ ನಾನೇ ನೋಡ್ಕೋತೀನಿ. ಬದಲಿ ಬ್ಯಾಡ ಅಂತ ದೇವಾನಂದಗ ಹೇಳ್ತೀನಿ."

ಮನೆಗಳಲ್ಲಿ ಹೆಂಗಸರು ಮಾಡುವುದು ಹೀಗೆಯೇ. ಒಬ್ಬಳು ಮಲಗಿದರೆ ಇನ್ನೊಬ್ಬಳು ಇಬ್ಬರ ಪಾಲನ್ನೂ ಎಳೆಯುತ್ತಾಳೆ. ಹೊತ್ತಿಗೆ ಸರಿಯಾಗಿ ತಟ್ಟೆ ಬಂದರೆ ಉಣ್ಣುವವರಿಗೆ ಗೊತ್ತೂ ಆಗುವುದಿಲ್ಲ. ಎರಡು ಮೊಬೈಲು ಸೊಂಟಕ್ಕೆ ಸಿಕ್ಕಿಸಿಕೊಂಡು ಲಕ್ಷ್ಮವ್ವ ಮೆಟ್ಟಿಲು ಹತ್ತಿ ಇಳಿದಳು. ಲಿಫ್ಟಿಗೆ ಕಾಯುವಷ್ಟು ಪುರುಸೊತ್ತಿರಲಿಲ್ಲ. ನಿಂತೇ ಉಂಡಳು. ಇಡೀ ದಿನ ಶೌಚಾಲಯದಲ್ಲೇ ಇದ್ದರೂ ತನಗೆ ಬಂದ ಮೂತ್ರವನ್ನು ತಡೆದುಕೊಂಡಳು. ಎರಡು ಮಹಡಿಗಳೂ ಒಮ್ಮೆಯೂ ಕೆಂಪಾಗಲಿಲ್ಲ.

ತಿಂಗಳಾದ ಮೇಲೆ ದೇವಾನಂದ ಕರೆದ. ಮುಂಬೈಯಲ್ಲೇ ಹುಟ್ಟಿದ ಹುಡುಗ, ಕನ್ನಡ ತಡವರಿಸುತ್ತಾನೆ.

"ಮೌಶಿ, ಎರಡೂ ಫ್ಲೋರ್ ಫುಲ್ ಗ್ರೀನ್. ಕಂಪನಿ ಖುಷ್. ಈಗ ಕರಾರು ಚೇಂಜ್ ಮಾಡಿದ್ರು. ಎರಡು ಫ್ಲೋರಿಗೆ ಒಬ್ರೇ."

"ಮತ್ತ ಸೋಮವ್ವ?"

"ಅವರ ಜಾಗಾನೇ ಇಲ್ಲ ಈಗ. ನೀವೇ ಮಾಡಿ ತೋರಿಸಿದ್ರಲ್ಲ."

ಮರುದಿನ ನಾಲ್ಕನೇ ಮಹಡಿಯ ಮೊಬೈಲು ಕೂಗಿದಾಗ ಲಕ್ಷ್ಮವ್ವ ಬಕೆಟಿನ ಪಕ್ಕ ಕೂತುಬಿಟ್ಟಳು. ಕೆಂಪಾಗಲಿ, ಒಬ್ಬಳಿಂದ ಆಗದೆಂದು ಗೊತ್ತಾಗಲಿ. ದೇವಾನಂದ ಓಡಿಬಂದ. ಬೈಯಲಿಲ್ಲ, ಬೇಡಿಕೊಂಡ. ಹೀಗೇ ಆದರೆ ಸೋಮವ್ವನನ್ನು ಕರೆಯುವುದಿಲ್ಲ, ನಿಮ್ಮನ್ನೇ ತೆಗೆದು ಎರಡೂ ಮಹಡಿಗೆ ಹೊಸಬರನ್ನು ತರುತ್ತಾರೆ, ಜೊತೆಗೆ ನನ್ನನ್ನೂ ತೆಗೆಯುತ್ತಾರೆ ಎಂದ. ಲಕ್ಷ್ಮವ್ವ ಒರೆಸುವ ಬಟ್ಟೆ ಎತ್ತಿಕೊಂಡು ಮೆಟ್ಟಿಲು ಹತ್ತಿದಳು.

ಸಂಜೆ ಚಾಳಿಗೆ ಬಂದರೆ ಸೋಮವ್ವ ಭಾಂಡುಪ್‌ನಿಂದ ಮರಳಿದ್ದಳು. ನಳಕ್ಕೆ ನಿಂತು ಲಕ್ಷ್ಮವ್ವನ ಕೊಡಗಳನ್ನೂ ತುಂಬಿ ಬಾಗಿಲಲ್ಲಿಟ್ಟಿದ್ದಳು.

"ನಾಳಿಂದ ಬರ್ತೀನಿ ತಂಗಿ," ಎಂದಳು. "ನೀ ಭಾಳ ದಣದೀದಿ. ಎರಡು ದಿನ ಮನ್ಯಾಗ ಇರು. ನಿನ್ನ ಮಹಡೀನೂ ನಾನೇ ನೋಡ್ಕೋತೀನಿ."

ಲಕ್ಷ್ಮವ್ವ ತುಂಬಿದ ಕೊಡವನ್ನೇ ನೋಡುತ್ತ ನಿಂತಳು. ಒಳಗಿನಿಂದ ಗುರಲಿಂಗಪ್ಪ ಚಹಾ ಕೇಳಿದ.