ಒಡೆಯಲಿಕ್ಕೆ ತಂದ ಗಾಜು

ಅಡಿಯಲ್ಲಿ ಮಲಗಿ ಕೆಲಸ ಮಾಡುತ್ತಿದ್ದ ತಮ್ಮನ ಎದೆಯ ಮೇಲೆ ಜೀಪು ಕೂತುಬಿಟ್ಟಿತು. ಗುಂಡ್ಲುಪೇಟೆಯ ಗುಜರಿ ಅಂಗಡಿಗಳಲ್ಲಿ ಅಲೆದು, ಸಿಕ್ಕಿದ ಹಳೇ ಸಾಮಾನು ಹೊತ್ತುತಂದು, ಭೀಮನಬೀಡಿನ ನಮ್ಮ ಹಿತ್ತಲಲ್ಲಿ ಅವನೇ ಕಟ್ಟುತ್ತಿದ್ದ ಜೀಪು. ದುಡಿಮೆಗಲ್ಲ, ಆಸೆಗೆ.

ತಿಥಿ ಮುಗಿದ ಮರುದಿನ ಅಪ್ಪ ಹಾರೆ ಹಿಡಿದು ಹಿತ್ತಲಿಗೆ ಬಂದ.

"ನನ್ ಮಗನ್ನೇ ತಿಂದ್ಬುಟ್ಯಲ್ಲಾ, ಮುಂಡೇದೆ!"

ಮುಂದಿನ ಎರಡು ಲೈಟೂ ಚೂರಾದವು. ಆಮೇಲೆ ಒಳಗೆ ಬಂದು, ಎಷ್ಟೋ ದಿನಗಳ ಮೇಲೆ ಮುದ್ದೆ ಮುರಿದ. ಮಾರನೆಯ ದಿನ ಒಡೆಯಲು ಗಾಜಿರಲಿಲ್ಲ. ಬಾನೆಟ್ಟಿಗೆ ಬಡಿದ. ಅದರ ಕೆಳಗೆ ತಮ್ಮ ಕೂರಿಸಿದ ಇಂಜಿನ್ ಇತ್ತು. ಅದು ಸ್ಟಾರ್ಟ್ ಆದ ದಿನ ಅವನು ಕುಣಿದಿದ್ದನ್ನು ನಾನು ನೋಡಿದ್ದೆ. ಅದೊಂದನ್ನು ಉಳಿಸಿಕೊಳ್ಳಬೇಕೆಂದು ಗುಂಡ್ಲುಪೇಟೆಯ ಬಸ್ಸು ಹತ್ತಿದೆ.

"ಜೀಪಿನ ಲೈಟು ಬೇಕಿತ್ತು. ಇರೋದ್ರಲ್ಲಿ ಅಗ್ಗದ್ದು."

"ಉರಿಯೋದಾ, ಉರೀದೇ ಇರೋದಾ, ಅಕ್ಕಾ?" ಎಂದ ಗುಜರಿಯವನು.

"ಉರೀದಿದ್ರೂ ಸರಿ. ಗಾಜಿದ್ರೆ ಸಾಕು."

"ಏನ್, ಜೀಪ್ಗೆ ಮದ್ವೆನಾ? ಬರೀ ಸಿಂಗಾರ ಕೇಳ್ತಿದ್ದೀರಿ!" ಎಂದು ನಗುತ್ತಾ, ಕೇರಳದ ಗಾಡಿಗಳ ರಾಶಿಯಿಂದ ಎರಡು ಕಿತ್ತುಕೊಟ್ಟ.

ನಾನು ತಂದು ಕೂರಿಸುವುದು, ಅಪ್ಪ ಒಡೆಯುವುದು. ಹೀಗೇ ನಡೆಯಿತು. ಚೂರು ಗುಡಿಸಿ ಗುಡಿಸಿ ನನ್ನ ಬೆರಳೆಲ್ಲ ಗಾಯ.

ಒಂದು ಸಂಜೆ ಅಪ್ಪ ಗಾಜಿನ ಕಡೆ ನೋಡಲೇ ಇಲ್ಲ. ಬಾನೆಟ್ ತೆಗೆದು, ಇಂಜಿನ್ ಮೇಲೆ ಹಾರೆ ಎತ್ತಿದ. ಓಡಿಹೋಗಿ ಹಾರೆ ಹಿಡಿದುಕೊಂಡೆ.

"ಬುಡಮ್ಮಿ ಕೈಯ್ಯ!"

"ಬುಡಕಿಲ್ಲ!"

ಎಳೆದಾಟದಲ್ಲಿ ಅದರ ತುದಿ ನನ್ನ ಹುಬ್ಬು ಸೀಳಿತು. ಕಣ್ಣಿಗೆ ರಕ್ತ ಇಳಿಯಿತು. ಅಪ್ಪನ ಕೆನ್ನೆಗೆ ಹೊಡೆದುಬಿಟ್ಟೆ.

"ಇದು ಕೊಂದಿಲ್ಲ ಕಣಪ್ಪಾ! ಜಾಕು ಜಾರಿದ್ದು!"

ಜಾಕು. ಗಾಡಿ ಎತ್ತಿ ನಿಲ್ಲಿಸಲು ಅದನ್ನೂ ತಮ್ಮ ಗುಜರಿಯಿಂದಲೇ ತಂದಿದ್ದ, ಹೊಸದು ದುಬಾರಿ ಅಂತ. ಅವನು ಹೋದ ಮೇಲೆ ಮನೆಯಲ್ಲಿ ಯಾರೂ ಅದರ ಮಾತೆತ್ತಿರಲಿಲ್ಲ.

"ಎಲ್ಲದೆ ಅದು?" ಎಂದ ಅಪ್ಪ, ಮೆಲ್ಲಗೆ.

ಕೊಟ್ಟಿಗೆಯ ಮೂಲೆಯಿಂದ ಎಳೆದು ತಂದು ಅವನ ಕಾಲ ಬಳಿ ಹಾಕಿದೆ. ಅಪ್ಪ ಹೊಡೆದ. ಕಿಡಿ ಹಾರಿತು, ಕಬ್ಬಿಣ ಒಡೆಯಲಿಲ್ಲ. ಹೊಡೆದೂ ಹೊಡೆದೂ ಅಂಗೈ ಚರ್ಮ ಕಿತ್ತುಬಂತು, ಹಾರೆ ಕೈಜಾರಿತು. ಅವನು ನೆಲದ ಮೇಲೆ ಕೂತ.

ಹಾರೆ ಎತ್ತಿಕೊಂಡು ನಾನು ಹೊಡೆಯತೊಡಗಿದೆ.

"ಇನ್ನೂ ಜೋರಾಗಿ ಬುಡಮ್ಮಿ," ಎಂದ ಅಪ್ಪ.