ಅರ್ಧರ್ಧ ಮಾತ್ರೆ

“ಮೇಡಮ್ಮೋರೆ, ಮುಂದಿನ್ ಸಲ ನಡುಕ್ಕೆ ಗೆರೆ ಇರೋ ಮಾತ್ರೆ ಕೊಡಿ. ಇದ್ನ ಮುರಿಯೋಕೆ ಬಲು ಕಷ್ಟ ಆಯ್ತದೆ.”

ಕಳೆದ ತಿಂಗಳು ಒಂದು ಗುರುವಾರ ಬೆಳಿಗ್ಗೆ ಆಟೋ ಓಡಿಸುವ ಮಾದೇಶ ಹೀಗೆ ಕೇಳಿದಾಗ ನಾನು ಕಾಫಿ ಕುಡಿಯುತ್ತಿದ್ದೆ. ನೆತ್ತಿಗೆ ಹತ್ತಿತು.

ಮುರಿಯುವುದಾ? ಆ ಮಾತ್ರೆಯನ್ನು ಮುರಿಯಲು ಹೇಳಿದವರು ಯಾರು?

ನಾನು ಮನೋವೈದ್ಯೆ ಎಂಬುದು ನಿಮಗೆ ಗೊತ್ತು. ಕುಡಿತ ಬಿಡಿಸುವ ಚಿಕಿತ್ಸೆಯ ಮೇಲೆ ನಮ್ಮ ಆಸ್ಪತ್ರೆಯಲ್ಲಿ ಒಂದು ರಿಸರ್ಚ್ ನಡೆಯುತ್ತಿರುವುದೂ ಗೊತ್ತು. (ಈ ಅಂಕಣದಲ್ಲಿ ಅದರ ಬಗ್ಗೆ ಕೊಚ್ಚಿಕೊಂಡು ಕೊಚ್ಚಿಕೊಂಡು ನಿಮ್ಮ ಕಿವಿ ತೂತಾಗಿರಬೇಕು.) ಅದರ ಮುಖ್ಯಸ್ಥೆ ನಾನೇ. ಬಾಗಿಲ ಪಕ್ಕದ ಬೋರ್ಡಿನಲ್ಲಿ ನನ್ನ ಹೆಸರಿದೆ. ದಿನಾ ಒಳಗೆ ಹೋಗುವಾಗ ಒಮ್ಮೆ ಓದಿಕೊಂಡೇ ಹೋಗುತ್ತೇನೆ. ನಾಚಿಕೆ ಯಾಕೆ? ಮೈಸೂರಿನಂಥ ಊರಿನಲ್ಲಿ ಇಂಥದ್ದೊಂದು ಕೆಲಸ ಕಟ್ಟಿ ನಿಲ್ಲಿಸುವುದು ತಮಾಷೆಯೇನಲ್ಲ.

ಕುಡಿಯುವ ಚಪಲವನ್ನು ತಗ್ಗಿಸಬಹುದಾದ ಒಂದು ಹೊಸ ಮಾತ್ರೆಯನ್ನು ನಾವು ಪರೀಕ್ಷಿಸುತ್ತಿದ್ದೇವೆ. ಸೇರಿದವರಲ್ಲಿ ಅರ್ಧ ಜನಕ್ಕೆ ನಿಜವಾದ ಮಾತ್ರೆ. ಉಳಿದರ್ಧ ಜನಕ್ಕೆ ಅದೇ ಬಣ್ಣದ, ಅದೇ ಗಾತ್ರದ, ಔಷಧಿಯೇ ಇಲ್ಲದ ಮಾತ್ರೆ. ಆಪ್ತಸಮಾಲೋಚನೆ ಮಾತ್ರ ಎಲ್ಲರಿಗೂ ಒಂದೇ. ಯಾರಿಗೆ ಯಾವ ಮಾತ್ರೆ ಹೋಗಿದೆ ಎಂಬುದು ಅವರಿಗೂ ತಿಳಿಯದು, ನನಗೂ ತಿಳಿಯದು. ಎಲ್ಲ ಮುಗಿದ ಮೇಲೇ ಗುಟ್ಟು ಬಿಚ್ಚುವುದು. ಇಲ್ಲದಿದ್ದರೆ ನಮ್ಮ ಆಸೆಯೇ ನಮ್ಮ ಲೆಕ್ಕವನ್ನು ಕೆಡಿಸುತ್ತದೆ.

“ನಿನ್ ಕಣ್ಣಿಗೆ ನೀನೇ ಬಟ್ಟೆ ಕಟ್ಕೊಂಡು ಅದೆಂಥ ಡಾಕ್ಟರಿಕೆ ಕಣೇ?” ಎಂದು ನಮ್ಮ ಅತ್ತೆ ಕೇಳುತ್ತಿರುತ್ತಾರೆ. ಅವರಿಗೆ ಉತ್ತರ ಹೇಳಿ ಗೆದ್ದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ.

ಇರಲಿ, ಮಾದೇಶನಿಗೆ ಬರೋಣ. (ಹೆಸರುಗಳನ್ನು ಬದಲಿಸಿದ್ದೇನೆ. ಬರೆಯಲು ಅವರೆಲ್ಲರ ಒಪ್ಪಿಗೆಯೂ ಇದೆ.) ಮಾದೇಶ ಮತ್ತು ಟೈಲ್ಸ್ ಕೆಲಸದ ಸಿದ್ದರಾಜು, ಇಬ್ಬರೂ ಅಗ್ರಹಾರದ ಒಂದೇ ವಠಾರದವರು. ಒಟ್ಟಿಗೆ ಕುಡಿಯಲು ಕಲಿತವರು, ಒಟ್ಟಿಗೆ ಕೆಟ್ಟವರು, ಒಟ್ಟಿಗೇ ಬಂದು ನಮ್ಮಲ್ಲಿ ಸೇರಿದವರು. ನಮ್ಮ ಇಡೀ ಗುಂಪಿನಲ್ಲಿ ಅತಿ ಚೆನ್ನಾಗಿ ಸುಧಾರಿಸುತ್ತಿದ್ದವರು ಇವರೇ. ಯಾರಾದರೂ ನೋಡಲು ಬಂದರೆ ಮೊದಲು ಇವರಿಬ್ಬರ ಕಥೆಯನ್ನೇ ಹೇಳುತ್ತಿದ್ದೆ.

“ಮಾತ್ರೆ ಯಾಕಪ್ಪಾ ಮುರಿದೆ?” ಎಂದೆ.

ಮಾದೇಶ ಸಿದ್ದರಾಜುವಿನ ಮುಖ ನೋಡಿದ. ಸಿದ್ದರಾಜು ಬಹಳ ಸಮಾಧಾನದಿಂದ ವಿವರಿಸಿದ. “ಒಬ್ರಿಗೆ ಅಸಲಿ, ಒಬ್ರಿಗೆ ಡಮ್ಮಿ ಬರಬೌದು ಅಂತ ನೀವೇ ಹೇಳಿದ್ರಲ್ಲ ಮೇಡಮ್ಮೋರೆ. ಒಬ್ನು ಉದ್ಧಾರ ಆಗಿ ಇನ್ನೊಬ್ನು ಹಾಳಾಗೋಗೋದು ಎಂಗೆ? ಅದಕ್ಕೇ ಇವನದು ಅರ್ಧ, ನನ್ನದು ಅರ್ಧ. ದಿನಾ ಬದಲಾಯಿಸ್ಕಂಡು ನುಂಗ್ತೀವಿ.”

ನನ್ನ ಬಿಪಿ ಎಲ್ಲಿಗೆ ಏರಿತೋ ದೇವರೇ ಬಲ್ಲ. ಎರಡು ಒಲೆಯ ಸಾರನ್ನು ಒಂದೇ ಪಾತ್ರೆಗೆ ಸುರಿದು, ಯಾವುದು ರುಚಿ ಎಂದು ಕೇಳಿದ ಹಾಗಾಯಿತು. ಕೂಗಾಡಿದೆ. “ಮಾತ್ರೆ ಬೇರೆಯವರಿಗೆ ಕೊಡಬಾರದು ಅಂತ ಎಷ್ಟು ಸಲ ಹೇಳಿದ್ದೆ? ಒಪ್ಪಿ ಸೈನ್ ಹಾಕಲಿಲ್ವಾ?”

“ಬೇರೆಯವ್ರಿಗೆಲ್ಲಿ ಕೊಟ್ವಿ?” ಎಂದ ಮಾದೇಶ, ನಿಜಕ್ಕೂ ಅರ್ಥವಾಗದೆ. “ಸಿದ್ದ ಬೇರೆಯವ್ನಾ?”

ಸಿದ್ದರಾಜು ಸೇರಿಸಿದ. “ವಿಷಾನೇ ಹಂಚ್ಕಂಡು ಕುಡುದ್ವಿ ಮೇಡಮ್ಮೋರೆ. ಮದ್ದು ಬಂದಾಗ ಒಬ್ಬೊಬ್ರೇ ತಿನ್ನೋಕಾಯ್ತದಾ?”

ಇಂಥವರನ್ನು ಬೈಯುವುದಾದರೂ ಹೇಗೆ? ನೀವೇ ಹೇಳಿ.

ಆದರೆ ನಿಯಮ ನಿಯಮವೇ. ಇದನ್ನು ಮೇಲಿನ ಸಮಿತಿಗೆ ತಿಳಿಸಲೇಬೇಕು. ತಿಳಿಸಿದರೆ ಇಬ್ಬರೂ ಅಧ್ಯಯನದಿಂದ ಹೊರಗೆ, ಮಾತ್ರೆ ಬಂದ್. ಇಷ್ಟು ಹೇಳಿದ್ದೇ ತಡ, ಮಾದೇಶ ಎದ್ದು ನಿಂತ.

“ಬರೀಬೇಡಿ ಮೇಡಮ್ಮೋರೆ. ಸವಿತಾ ವಾಪಸ್ ಹೊಂಟೋಯ್ತಾಳೆ.”

ಸವಿತಾ ಅವನ ಹೆಂಡತಿ. ಇವನ ಕುಡಿತಕ್ಕೆ ರೋಸಿಹೋಗಿ ನಂಜನಗೂಡಿನ ತವರು ಸೇರಿದ್ದಳು. ನಮ್ಮ ರಿಸರ್ಚಿಗೆ ಸೇರಿದ್ದಾನೆ ಎಂಬ ಒಂದೇ ಮಾತಿನ ಮೇಲೆ ವಾಪಸ್ ಬಂದಿದ್ದಳು. ಬಂದ ಮೇಲೆ ವಠಾರದವರಿಗೆಲ್ಲ “ನಮ್ಮನೆಯವ್ರು ರಿಸರ್ಚ್‌ನಲ್ಲವ್ರೆ” ಎನ್ನುತ್ತಿದ್ದಳಂತೆ, ಗಂಡನಿಗೆ ಗವರ್ನಮೆಂಟ್ ಕೆಲಸ ಸಿಕ್ಕಿದೆ ಎಂಬ ಧಾಟಿಯಲ್ಲಿ. ಈಗ ಅವನನ್ನು ಅಲ್ಲಿಂದ ತೆಗೆದುಹಾಕಿದರು ಎಂದರೆ? ಕೇಳುವವರಿಗೆ ಅರ್ಥ ಒಂದೇ. ಮತ್ತೆ ಕುಡಿದ.

ವಿಷಯ ಗೊತ್ತಿದ್ದದ್ದು ಆ ಕೋಣೆಯಲ್ಲಿದ್ದ ನಾಲ್ಕೇ ಜನಕ್ಕೆ. ನಾನು, ಅವರಿಬ್ಬರು, ನಮ್ಮ ನರ್ಸ್ ಪುಷ್ಪಾ. ಬಾಯಿ ಮುಚ್ಚಿಕೊಂಡಿದ್ದರೆ ಒಂದು ಸಂಸಾರ ಉಳಿಯುತ್ತಿತ್ತು, ನನ್ನ ರಿಸರ್ಚೂ ಮಿಂಚುತ್ತಿತ್ತು. ಆಸೆ ಆಗಲಿಲ್ಲವೇ ಎಂದು ಕೇಳಬೇಡಿ. ಆಯಿತು. ಪುಷ್ಪಾಳತ್ತ ನೋಡಿದೆ. ಅವಳು ಆಗಲೇ ಕಂಪ್ಯೂಟರ್ ಆನ್ ಮಾಡುತ್ತಿದ್ದಳು.

“ಬರೆಯೋಣ ಅಲ್ವಾ ಮೇಡಂ?” ಎಂದಳು, ಏನೂ ಆಗಿಲ್ಲವೆಂಬಂತೆ.

ಆ ಕ್ಷಣಕ್ಕೆ ಅವಳ ಮೇಲೆ ಸಿಟ್ಟು ಬಂತು. ಮನೆಗೆ ಹೋಗುವ ಹೊತ್ತಿಗೆ ಅದೇ ಸಿಟ್ಟು ಹೆಮ್ಮೆಯಾಗಿತ್ತು. ಯಂತ್ರ ಯಾವ ಆಸ್ಪತ್ರೆಯಾದರೂ ಕೊಂಡುಕೊಳ್ಳಬಹುದು, ಪುಷ್ಪಾಳಂಥವರನ್ನು ಎಲ್ಲಿಂದ ತರುತ್ತಾರೆ?

ಬರೆದೆವು. ಇಬ್ಬರೂ ಹೊರಗಾದರು. “ರಿಸರ್ಚಿನಿಂದ ಹೊರಗೆ ಅಷ್ಟೇ, ಆಸ್ಪತ್ರೆಯಿಂದಲ್ಲ. ಗುರುವಾರ ಬರೋದು ನಿಲ್ಲಿಸಬೇಡಿ” ಎಂದು ನೂರು ಸಲ ಹೇಳಿದೆ. ಅಂಗಡಿಯಲ್ಲಿ ಸಿಗುವ ಬೇರೆ ಮಾತ್ರೆ ಬರೆದುಕೊಡುತ್ತೇನೆ ಎಂದೂ ಹೇಳಿದೆ. “ಈ ವಾರ ಮಾತ್ರೆ ಇಲ್ದೆ ಇಂಗೇ ನೋಡ್ತೀವಿ” ಎಂದು ಇಬ್ಬರೂ ತಲೆ ತಗ್ಗಿಸಿಕೊಂಡು ಹೋದರು. ಅವರು ಮತ್ತೆ ಬರುತ್ತಾರೆಂಬ ನಂಬಿಕೆ ನನಗಿರಲಿಲ್ಲ. ಇಂಥವರು ಬಾರಿಗೆ ಹೋಗಲು ಇದಕ್ಕಿಂತ ಸಣ್ಣ ನೆಪ ಸಾಕಾದದ್ದನ್ನು ನೋಡಿದ್ದೇನೆ. ಆ ವಾರವೆಲ್ಲ ಊಟ ರುಚಿಸಲಿಲ್ಲ.

ಮುಂದಿನ ಗುರುವಾರ ಬಾಗಿಲು ತಳ್ಳಿಕೊಂಡು ಮೊದಲು ಬಂದವಳು ಸವಿತಾ. ಹಿಂದೆ ಮಾದೇಶ, ಅವನ ಹಿಂದೆ ಸಿದ್ದರಾಜು. ಅವಳ ಮುಖ ನೋಡಿಯೇ ಬೈಗುಳಕ್ಕೆ ಸಿದ್ಧಳಾದೆ.

“ಡಾಕ್ಟ್ರಮ್ಮ, ಇವ್ರನ್ನ ರಿಸರ್ಚಿಂದ ತೆಗುದ್ಬುಟ್ರಂತೆ?”

“ಹೌದಮ್ಮ. ಆದರೆ ಕುಡಿದರು ಅಂತಲ್ಲ, ಮಾತ್ರೆ...”

“ಗೊತ್ತು. ಎಲ್ಲಾ ಹೇಳವ್ರೆ.” ಕುರ್ಚಿ ಎಳೆದುಕೊಂಡು ಕೂತಳು. “ನಾನಂತೂ ಬ್ಯಾಗು ತುಂಬ್ಸಿ ಮಡಗಿದ್ದೆ. ಮಾತ್ರೆ ನಿಂತ್ಮೇಲೆ ಇನ್ನೇನು, ನಾಳೆಯಿಂದ್ಲೇ ಶುರು ಅನ್ಕಂಡೆ. ದಿನಾ ಸಂಜೆ ಬಾಗ್ಲಲ್ಲಿ ನಿಂತ್ಕಂಡು ಕಾದೆ, ತೂರಾಡ್ಕಂಡು ಬರ್ಲಿ, ಬಸ್ ಹತ್ಬುಡ್ತೀನಿ ಅಂತ.”

“ಆಮೇಲೆ?”

“ಬಂದ್ರು. ದಿನಾನೂ ನೆಟ್ಟಗೇ ಬಂದ್ರು. ಈ ಸಿದ್ದಣ್ಣನೂ ಅಂಗೇ. ಇಬ್ರೂ ಸಂಜೆಯೆಲ್ಲ ಜಗಲಿ ಮೇಲೆ ಕೂತ್ಕಂಡು ಒಬ್ರನ್ನೊಬ್ರು ಕಾಯ್ತಾ ಅವ್ರೆ.” ಅವಳು ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು. “ಒಂದು ಮಾತು ಕೇಳ್ತೀನಿ, ನೀವು ಓದ್ದೋರು, ಸರ್ಯಾಗಿ ಹೇಳ್ಬೇಕು. ಈ ವಾರ ಮಾತ್ರೆ ಇರ್ಲಿಲ್ಲ, ನಿಮ್ ರಿಸರ್ಚೂ ಇರ್ಲಿಲ್ಲ. ಅಂಗಾರೆ ಕುಡೀದೆ ಇದ್ದಿದ್ದು ಇವ್ರೇ ತಾನೆ?”

ಮಾದೇಶ ನನ್ನನ್ನೇ ನೋಡುತ್ತಿದ್ದ.

ಒಂದು ವಾರದಿಂದ ಯಾವುದೂ ತೀರ್ಮಾನವಾಗುವುದಿಲ್ಲ, ನಾಳೆಯೇ ಜಾರಬಹುದು, ಮದ್ದು ಬೇಕಾದವರಿಗೆ ಮದ್ದು ಬೇಕೇ ಬೇಕು. ಇವೆಲ್ಲ ನನ್ನ ನಾಲಿಗೆಯ ತುದಿಗೆ ಬಂದಿದ್ದವು. (ಆಮೇಲೆ ಸಾವಕಾಶವಾಗಿ ಹೇಳಿದೆ ಕೂಡ.) ಆದರೆ ಅವಳು ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಒಂದೇ ಇತ್ತು.

“ಹೌದಮ್ಮ. ಇವರೇ.”

ಅವಳು ಗಂಡನನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿದಳು. ಕಣ್ಣೊರೆಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, “ಅಂಗಾರೆ ನಿಮ್ ಮಾತ್ರೇದೇನೂ ಇಲ್ಲ ಬುಡಿ” ಎಂದು ಎದ್ದಳು.

ಇಷ್ಟು ವರ್ಷದಲ್ಲಿ ಎಷ್ಟೋ ಹೆಂಡಂದಿರು ನನಗೆ ಕೈಮುಗಿದು ಹೋಗಿದ್ದಾರೆ. ಸವಿತಾ ಮುಗಿಯಲಿಲ್ಲ. ಅವತ್ತು ಆದಷ್ಟು ಹೆಮ್ಮೆ ನನಗೆ ಯಾವತ್ತೂ ಆಗಿರಲಿಲ್ಲ.