ಹಿಂದೆ ಬಿದ್ದ ಬಲಗೈ

ನನಗೆ ತೀರ್ಪು ಕೊಡುವ ಚಟ ಇದೆ. ಯಾರದೇ ಮನೆಗೆ ಊಟಕ್ಕೆ ಹೋಗಲಿ, ಸಾರಿಗೆ ಉಪ್ಪು ಸಾಲದು ಎಂದು ಮನಸ್ಸಿನಲ್ಲಾದರೂ ಅಂದುಕೊಳ್ಳದೆ ತುತ್ತು ಇಳಿಯುವುದಿಲ್ಲ. ಭಾಲ್ಕಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಮಕ್ಕಳ ಉತ್ತರಪತ್ರಿಕೆಗಳ ಮೇಲೆ ಕೆಂಪು ಗೆರೆ ಎಳೆದೆಳೆದು ಈ ಗುಣ ಬಂತೋ, ಈ ಗುಣ ಇದ್ದದ್ದರಿಂದಲೇ ಆ ಕೆಲಸ ಒಗ್ಗಿತೋ, ಗೊತ್ತಿಲ್ಲ. ಅಕ್ಕ ಹಾಗಲ್ಲ. ಅವಳು ಮಾತು ಕೇಳಿಸಿಕೊಂಡು ಒಳಗೆ ಇಟ್ಟುಕೊಳ್ಳುವವಳು.

ಬೀದರಿನಲ್ಲಿ ನಾವು ಹೋಗುವ ಚರ್ಚಿನಲ್ಲಿ ಒಂದು ಹಳೆಯ ಪಿಯಾನೊ ಇದೆ. ಮಿಷನ್ ಕಂಪೌಂಡಿನಲ್ಲಿದ್ದ ಮಿಸ್ ಸಾಹೇಬರು ತಮ್ಮ ದೇಶಕ್ಕೆ ಮರಳುವಾಗ ಬಿಟ್ಟುಹೋದದ್ದು. ಅಕ್ಕ ಅವರ ಪಕ್ಕದಲ್ಲೇ ಕೂತು ಕಲಿತಳು. ನಾನು ಅವಳಿಗಿಂತ ಬಹಳ ಚಿಕ್ಕವಳು. ನನ್ನ ಪಾಳಿ ಬರುವಷ್ಟರಲ್ಲಿ ಮಿಸ್ ಸಾಹೇಬರು ಹೊರಟುಹೋಗಿದ್ದರು. ಹೀಗಾಗಿ ಅಕ್ಕನಿಗೆ ಬಾರಿಸುವ ಕೈ ಬಂತು, ನನಗೆ ಕೇಳುವ ಕಿವಿ ಮತ್ತು ಸುಮ್ಮನಿರದ ಬಾಯಿ ಬಂತು. ಅಕ್ಕ ನರ್ಸ್ ಕೆಲಸ ಮಾಡುತ್ತಲೇ ಪ್ರತಿ ಭಾನುವಾರ ಆರಾಧನೆಗೆ ಪಿಯಾನೊ ಬಾರಿಸಿದಳು. ನಿವೃತ್ತಳಾದ ಮೇಲೂ ಆ ಬೆಂಚು ಅವಳದೇ. ಚರ್ಚಿನಲ್ಲಿ ಅವಳಿಗೆ ಬೇರೆ ಯಾವ ಹುದ್ದೆಯೂ ಇರಲಿಲ್ಲ, ಬೇಕೆಂದು ಕೇಳಿದವಳೂ ಅಲ್ಲ.

ಶನಿವಾರ ಮಧ್ಯಾಹ್ನ ಕಾಲೇಜು ಮುಗಿಸಿ ನಾನು ಭಾಲ್ಕಿಯಿಂದ ಬಸ್ ಹತ್ತಿ ಬೀದರಿನ ನೌಬಾದ ಬಡಾವಣೆಯ ಅಕ್ಕನ ಮನೆಗೆ ಹೋಗುವುದು ರೂಢಿ. ಚಹಾ, ಚೂಡಾ, ಆಮೇಲೆ ಸಂಗೀತ. ನಾವು ಸ್ಪೀಕರಿಗೆ ಫೋನ್ ಜೋಡಿಸಿದ ಕೂಡಲೇ ಭಾವ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿಬಿಡುತ್ತಾರೆ. ಅವರಿಗೆ ಅದು ಪಾತ್ರೆ ಬಿದ್ದ ಸದ್ದು. ನಮಗೆ ಹುಚ್ಚು ಹಿಡಿಸಿದ್ದು ಕನ್ಚೆರ್ಟೊಗಳು. ಒಂದು ಕಡೆ ಒಂದೇ ಪಿಯಾನೊ, ಇನ್ನೊಂದು ಕಡೆ ಇಡೀ ವಾದ್ಯವೃಂದ, ನಡುವೆ ಸವಾಲ್-ಜವಾಬು. ಅದರಲ್ಲೂ ಇಪ್ಪತ್ತನೆಯ ಶತಮಾನದವು. ಹಳೆಯ ಕಾಲದವು ಕೇಳಲು ಹಿತವಾಗಿರುತ್ತವೆ, ನಿಜ. ಆದರೆ ಎರಡು ಯುದ್ಧ ಕಂಡ ಶತಮಾನದವರು ಬರೆದದ್ದರಲ್ಲಿ ಜಗಳವೂ ಇರುತ್ತದೆ, ಪ್ರಾರ್ಥನೆಯೂ ಇರುತ್ತದೆ, ಕೆಲವೊಮ್ಮೆ ಎರಡೂ ಒಂದೇ ಉಸಿರಿನಲ್ಲಿ.

ಕಳೆದ ಮಳೆಗಾಲದಲ್ಲಿ ನಮಗೆ ಯುರೋಪಿನ ಒಬ್ಬ ಪಿಯಾನೊವಾದಕಿ ಸಿಕ್ಕಳು. ಅವಳ ಹೆಸರು ಹೇಳುವುದಿಲ್ಲ. ಹೇಳಿದರೂ ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಯಾರೂ ತಿರುಗಿ ನೋಡರು. ಆಕೆ ಮೂರು ಕನ್ಚೆರ್ಟೊಗಳನ್ನು ಎರಡೆರಡು ಸಲ ಧ್ವನಿಮುದ್ರಿಸಿದ್ದಳು, ಒಮ್ಮೆ ಹರೆಯದಲ್ಲಿ, ಇನ್ನೊಮ್ಮೆ ಮುಪ್ಪಿನಲ್ಲಿ. ಒಂದು ಹಂಗೇರಿಯವನದು, ಒಂದು ರಷ್ಯದವನದು, ಒಂದು ಫ್ರಾನ್ಸಿನವನದು. ಇವನ್ನು ಹೋಲಿಸಿ ನೋಡಲು ಅಕ್ಕ ಒಂದು ಆಟ ಹೂಡಿದಳು. ಅವಳು ಎರಡರಲ್ಲಿ ಒಂದನ್ನು ಹಾಕಿ ಫೋನನ್ನು ಮಕಾಡೆ ಮಲಗಿಸಬೇಕು. ನಾನು ಕಣ್ಣು ಮುಚ್ಚಿ ಕೇಳಿ, ಇದು ಹರೆಯದ್ದೋ ಮುಪ್ಪಿನದೋ, ಯಾಕೆ, ಎಲ್ಲ ಹೇಳಬೇಕು. ಹೇಳಿ ಮುಗಿಸುವವರೆಗೆ ಅವಳು ಬಾಯಿ ಬಿಡಬಾರದು. ಆಮೇಲೆ ಫೋನ್ ತಿರುಗಿಸಿ ತೋರಿಸಬೇಕು.

ಮೊದಲು ರಷ್ಯದವನದು. ಕೇಳಿದ ಸ್ವಲ್ಪ ಹೊತ್ತಿಗೇ ಇದು ಹರೆಯದ್ದು ಎಂದೆ. ಬೆರಳುಗಳು ಬೆನ್ನು ಹತ್ತಿದವರಂತೆ ಓಡುತ್ತಿದ್ದವು, ವಾದ್ಯವೃಂದವೇ ಏದುಸಿರು ಬಿಡುತ್ತಿತ್ತು. ಸರಿಯಾಗಿತ್ತು. ಮರುವಾರ ಹಂಗೇರಿಯವನದು. ಅದರ ನಡುವಿನ ಭಾಗ ಸಂಜೆಯ ಪ್ರಾರ್ಥನೆಯ ಹಾಗೆ. ತಂತಿವಾದ್ಯಗಳು ಒಂದು ಸಾಲು ಹೇಳುತ್ತವೆ, ಪಿಯಾನೊ ತಲೆ ತಗ್ಗಿಸಿ ಉತ್ತರ ಕೊಡುತ್ತದೆ. ಇದು ಮುಪ್ಪಿನದು, ಇಲ್ಲಿ ಯಾರನ್ನೂ ಮೆಚ್ಚಿಸುವ ಆತುರ ಇಲ್ಲ ಎಂದೆ. ಅದೂ ಸರಿಯಾಗಿತ್ತು. ಅಕ್ಕ ನಕ್ಕು, ನಿನ್ನ ಕಿವಿಗೆ ದೃಷ್ಟಿ ತೆಗೀಬೇಕು ಎಂದಳು. ನಾನು ಉಬ್ಬಿದೆ. ಭಾಲ್ಕಿಗೆ ಮರಳುವ ಬಸ್ಸಿನಲ್ಲೂ ಉಬ್ಬಿಯೇ ಕೂತಿದ್ದೆ.

ಆ ನಡುವೆ ಒಂದು ದಿನ ಭಾಲ್ಕಿ ಬಸ್ ಸ್ಟ್ಯಾಂಡಿನಲ್ಲಿ ಚರ್ಚಿನ ಕಮಿಟಿಯ ಹಿರಿಯರೊಬ್ಬರು ಸಿಕ್ಕರು. ಯಾವುದೋ ಮದುವೆ ಮಾತುಕತೆಗೆ ಬಂದಿದ್ದರಂತೆ. ಹಾಲ್‌ಚಾಲ್ ವಿಚಾರಿಸಿ, ಕಬ್ಬಿನ ರಸ ಕುಡಿಸಿ, ಆಮೇಲೆ ಮೆಲ್ಲಗೆ ವಿಷಯಕ್ಕೆ ಬಂದರು. ಅಕ್ಕನ ಬೆರಳ ಗಿಣ್ಣುಗಳು ಬಾತಿವೆ, ಹಾಡು ಎಳೆಯುತ್ತಿದೆ, ಜನ ಒಂದು ಸಾಲು ಮುಗಿಸಿದ ಮೇಲೆ ಪಿಯಾನೊ ಬರುತ್ತಿದೆ, ಹಿಂದಿನ ಬೆಂಚುಗಳಲ್ಲಿ ಹುಡುಗಿಯರು ನಗುತ್ತಾರೆ. ಹೊಸದಾಗಿ ಸೊಸೆಯಾಗಿ ಬಂದ ಒಬ್ಬಳು ಕೀಬೋರ್ಡ್ ಚೆನ್ನಾಗಿ ನುಡಿಸುತ್ತಾಳೆ.

"ಅಕ್ಕನವರಿಗೆ ನೀವ ಹೇಳ್ರಿ," ಎಂದರು. "ನಾವು ಹೇಳಿದ್ರ ಬ್ಯಾಸರ ಆಗ್ತದ. ಇಷ್ಟು ವರ್ಷ ಸೇವಾ ಮಾಡ್ಯಾರ, ಇಜ್ಜತ್‌ಲೆ ಬಿಡಬೇಕು ನೋಡ್ರಿ."

ನೋಡ್ತೇನ್ರಿ ಎಂದೆ. ಅವರು ಹೇಳಿದ್ದು ಸುಳ್ಳಾಗಿರಲಿಲ್ಲ. ಅಕ್ಕನ ಬಲಗೈ ತಡವಾಗುತ್ತಿರುವುದು ನನ್ನ ಕಿವಿಗೆ ಅವರಿಗಿಂತ ಮೊದಲೇ ಬಿದ್ದಿತ್ತು. ಆದರೆ ಊರಿನವರ ತಪ್ಪನ್ನೆಲ್ಲ ಎತ್ತಿ ಆಡುವ ನನ್ನ ಬಾಯಿ ಅಕ್ಕನ ಎದುರು ಆ ಒಂದು ಮಾತಿಗೆ ಏಳಲಿಲ್ಲ. ಎರಡು ಶನಿವಾರ ಹೋದೆ, ಚಹಾ ಕುಡಿದೆ, ಬಂದೆ.

ಮೂರನೆಯ ಶನಿವಾರ ಫ್ರಾನ್ಸಿನವನ ಪಾಳಿ. ಅದರ ಎರಡನೆಯ ಭಾಗ ನಿಧಾನದ್ದು. ಶುರುವಿನಲ್ಲಿ ವಾದ್ಯವೃಂದ ಸುಮ್ಮನಿರುತ್ತದೆ, ಪಿಯಾನೊ ಒಂದೇ ಬಹಳ ಹೊತ್ತು ಮಾತಾಡುತ್ತದೆ. ಎಡಗೈ ಒಂದೇ ಸಮನೆ ನಡೆಯುತ್ತಿರುತ್ತದೆ, ಬಲಗೈ ಅದರ ಮೇಲೆ ಹಾಡುತ್ತದೆ. ಅಕ್ಕ ಹಾಕಿದ ಧ್ವನಿಮುದ್ರಣದಲ್ಲಿ ಆ ನಡಿಗೆ ತೀರ ಮೆಲ್ಲಗಿತ್ತು. ಬಲಗೈಯ ಸ್ವರ ಪ್ರತಿ ಸಲವೂ ಎಡಗೈಗಿಂತ ಒಂದು ಕೂದಲೆಳೆ ಹಿಂದೆ ಬೀಳುತ್ತಿತ್ತು. ನಾನು ಕಣ್ಣು ತೆರೆಯುವ ಮೊದಲೇ ತೀರ್ಪು ಶುರುಮಾಡಿದೆ. ಇದು ಮುಪ್ಪಿನದು, ಅನುಮಾನವೇ ಬೇಡ ಎಂದೆ. ಬೆರಳು ಬಿಗಿದಿವೆ, ಎಡಗೈ ಕರೆಯುತ್ತಿದೆ, ಬಲಗೈಗೆ ಬರಲಾಗುತ್ತಿಲ್ಲ ಎಂದೆ. ಅಷ್ಟಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತು. ನಿಲ್ಲಿಸಲಿಲ್ಲ.

"ಇಂಥವರು ಟೈಮ್ ತಿಳ್ಕೊಂಡು ತಾವೇ ಎದ್ದು ಹೋಗ್ಬೇಕು," ಎಂದೆ. "ಮಂದಿ ಎಬ್ಬಿಸೋ ತನಕ ಕೂಡ್ಬಾರ್ದು."

ಅಕ್ಕ ಫೋನ್ ತಿರುಗಿಸಲಿಲ್ಲ. ಬಸ್ಸಿನ ಹೊತ್ತಾಯಿತು ನೋಡು ಎಂದು ನನ್ನ ಚೀಲಕ್ಕೆ ಒಂದು ಡಬ್ಬಿ ಹೋಳಿಗೆ ಇಟ್ಟಳು. ನನಗೆ ಎಷ್ಟು ಖಾತ್ರಿ ಇತ್ತೆಂದರೆ, ತೋರಿಸು ಎಂದು ಕೇಳುವುದೂ ಹೊಳೆಯಲಿಲ್ಲ.

ಮರುದಿನ ಭಾನುವಾರ, ನಾನು ಭಾಲ್ಕಿಯಲ್ಲೇ ಉಳಿದಿದ್ದೆ. ಅಕ್ಕ ಚರ್ಚಿಗೆ ಹೋದಳು, ಆದರೆ ಪಿಯಾನೊದ ಬೆಂಚಿಗೆ ಹೋಗಲಿಲ್ಲ. ಆರಾಧನೆ ನಡೆಸುವ ಪಾಸ್ಟರ್ ಅಯ್ಯನವರಿಗೆ, ನನ್ನ ಕೈ ಸೋತಾವ್ರಿ, ಇನ್ನ ಬ್ಯಾರೆದವ್ರಿಗೆ ಹೇಳ್ರಿ ಎಂದಷ್ಟೇ ಹೇಳಿ ಹೆಂಗಸರ ನಡುವೆ ಕೂತಳಂತೆ. ಇದು ನನಗೆ ತಿಳಿದದ್ದು ಆ ಹಿರಿಯರ ಫೋನಿನಿಂದ. ಚಲೋ ತಿಳಿಸಿ ಹೇಳಿದ್ರಿ, ನಿಮ್ಮ ಉಪಕಾರ ಆಯ್ತು ಎಂದರು. ನಾನೇನೂ ಹೇಳಿಲ್ಲ ಎನ್ನಬಹುದಿತ್ತು. ಇರಲಿ ಬಿಡ್ರಿ ಎಂದುಬಿಟ್ಟೆ.

ನಮ್ಮ ಕಡೆ ಮಗಳನ್ನು ಬೈದು ಸೊಸೆಗೆ ಕೇಳಿಸುವ ಪದ್ಧತಿ ಮನೆಮನೆಯಲ್ಲೂ ಇದೆ. ನಾನು ಆ ಶನಿವಾರ ಅದನ್ನೇ ಮಾಡಿದೆನೇ? ಬೇಕೆಂದು ಮಾಡಲಿಲ್ಲ ಎಂದು ಎದೆ ಮುಟ್ಟಿಕೊಂಡು ಹೇಳಬಲ್ಲೆ. ಆದರೆ ಹಿರಿಯರ ಮಾತು ತಲೆಯಲ್ಲಿ ಇರಲೇ ಇಲ್ಲ ಎಂದು ಹೇಳಲಾರೆ. ಆ ವಾದಕಿಯ ಬಗ್ಗೆ ಮಾತಾಡುವಾಗ ನನ್ನ ದನಿ ಅಗತ್ಯಕ್ಕಿಂತ ಗಟ್ಟಿಯಾಗಿತ್ತು, ಅದು ನನಗೇ ನೆನಪಿದೆ. ಆಮೇಲೆ ಪರೀಕ್ಷೆಯ ಕೆಲಸ ಎಂದು ನೆಪ ಹೇಳಿ ಕೆಲವು ಶನಿವಾರ ನೌಬಾದಕ್ಕೆ ಹೋಗಲೇ ಇಲ್ಲ. ಆ ಸಂಗೀತ ಕೇಳಲೂ ಮನಸ್ಸಾಗಲಿಲ್ಲ. ಅಕ್ಕ ಫೋನ್ ಮಾಡಿ, ಉಂಡಿ ಏನು, ಕೆಮ್ಮು ಹ್ಯಾಂಗದ ಎಂದು ಎಂದಿನಂತೆ ಕೇಳುತ್ತಿದ್ದಳು. ಬೈದಿದ್ದರೆ ಹಗುರಾಗುತ್ತಿದ್ದೆ.

ಚಳಿ ಶುರುವಾದಾಗ ಔರಾದಿನಲ್ಲಿ ಚಿಕ್ಕಮ್ಮನ ಮೊಮ್ಮಗಳ ಮದುವೆ ಬಂತು. ಅಕ್ಕ, ಭಾವ ಬೀದರಿನಿಂದ ಬರುವವರಿದ್ದರು. ನಾನು ಭಾಲ್ಕಿಯಿಂದ ಕಮಲನಗರದ ದಾರಿ ಹಿಡಿದೆ. ಕಮಲನಗರದಲ್ಲಿ ಬಸ್ ಬದಲಿಸಬೇಕು. ಔರಾದಿನ ಬಸ್ ಬಂದಿರಲಿಲ್ಲ. ಪಕ್ಕದಲ್ಲಿ ಇಬ್ಬರು ಮರಾಠಿಯಲ್ಲಿ ತೊಗರಿಯ ದರ ಮಾತಾಡುತ್ತಿದ್ದರು. ಇನ್ನು ಸ್ವಲ್ಪ ಹೊತ್ತಿಗೆ ಅಕ್ಕನ ಮುಖ ನೋಡಬೇಕು ಎಂಬ ಅಳುಕಿನಲ್ಲೋ ಏನೋ, ಕಿವಿಗೆ ತಂತಿ ಸಿಕ್ಕಿಸಿ ಫ್ರಾನ್ಸಿನವನ ಆ ಎರಡನೆಯ ಭಾಗ ಹುಡುಕಿದೆ. ಈ ಸಲ ಕಣ್ಣು ತೆರೆದೇ ಇತ್ತು. ಮುಪ್ಪಿನ ಧ್ವನಿಮುದ್ರಣ ಎಂದು ಬರೆದದ್ದನ್ನು ಒತ್ತಿದೆ.

ಅದು ನಾನು ಕೇಳಿದ್ದಲ್ಲ. ಇದರ ನಡಿಗೆ ಚುರುಕಾಗಿತ್ತು, ಎರಡೂ ಕೈ ಕೂಡಿಯೇ ಹೆಜ್ಜೆ ಇಡುತ್ತಿದ್ದವು, ಎಲ್ಲಿಯೂ ಸುಸ್ತಿಲ್ಲ. ಹರೆಯದ್ದನ್ನು ಒತ್ತಿದೆ. ಅದೇ ಆ ನಿಧಾನ, ಅದೇ ಹಿಂದೆ ಬೀಳುವ ಬಲಗೈ. ಕೈಯಲ್ಲಿ ಕಸುವು ತುಂಬಿದ್ದ ಕಾಲದಲ್ಲಿ ಆಕೆ ಬೇಕೆಂದೇ ಹಾಗೆ ಬಾರಿಸಿದ್ದಳು. ಮುಪ್ಪಿನಲ್ಲಿ ಆ ಶೋಕಿ ಬಿಟ್ಟು ನೆಟ್ಟಗೆ ನಡೆದಿದ್ದಳು. ನಾನು ಹರೆಯದ ಹುಡುಗಿಯನ್ನು ಮುದುಕಿ ಎಂದು ಬೆಂಚಿನಿಂದ ಎಬ್ಬಿಸಿದ್ದೆ, ಅವಳ ಜೊತೆ ಅಕ್ಕನನ್ನೂ ಎಬ್ಬಿಸಿದ್ದೆ. ಔರಾದಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು, ಆದರೆ ಹೊರಗೆ ಏನು ನೋಡಿದೆನೋ ನೆನಪಿಲ್ಲ. ಹೀಗೆ ಹೇಳಬೇಕು, ತಪ್ಪಾಯಿತು ಅನ್ನಬೇಕು, ಅಕ್ಕ ಮತ್ತೆ ಬೆಂಚಿಗೆ ಮರಳಬೇಕು, ಅಷ್ಟೇ ತಲೆಯಲ್ಲಿತ್ತು.

ಮದುವೆ ಮನೆಯಲ್ಲಿ ಆರಾಧನೆಗೆ ಇನ್ನೂ ಹೊತ್ತಿತ್ತು. ಅಕ್ಕ ಹಿತ್ತಲಿನ ಬೇವಿನ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿದ್ದಳು. ದಾರ ಎಳೆಯಲು ಬೆರಳು ಕಷ್ಟಪಡುತ್ತಿದ್ದವು. ನಾನು ಪಕ್ಕದಲ್ಲಿ ಕೂತೆ. ಪೀಠಿಕೆ ಹಾಕಲಿಲ್ಲ.

"ಅಕ್ಕ, ಅವತ್ತು ನಾ ತಪ್ಪು ಹೇಳಿದ್ನಿ. ಆ ನಿಧಾನದ್ದು ಆಕಿ ಹರೇದಾಗ ಬಾರಿಸಿದ್ದು."

"ಗೊತ್ತದ," ಎಂದಳು. "ಹಾಕ್ದಾಕಿ ನಾನೇ ಅಲ್ಲೇನು."

ನನಗೆ ಇದು ಹೊಳೆದಿರಲಿಲ್ಲ. ಫೋನ್ ಅವಳ ಕೈಯಲ್ಲೇ ಇತ್ತು. ನಾನು ಅಷ್ಟೆಲ್ಲ ಒದರುತ್ತಿದ್ದಾಗ ಪ್ರತಿ ಮಾತೂ ತಪ್ಪೆಂದು ಅವಳಿಗೆ ತಿಳಿದಿತ್ತು. ಹಾಗಾದರೆ ಯಾಕೆ ತಿರುಗಿಸಿ ತೋರಿಸಲಿಲ್ಲ, ಯಾಕೆ ಬೆಂಚು ಬಿಟ್ಟೆ ಎಂದು ಕೇಳಿದೆ. ಅಕ್ಕ ಇನ್ನೊಂದು ಗಂಟು ಹಾಕಿ, ನೀನು ಆಕೆಯ ಬಗ್ಗೆ ಮಾತಾಡುತ್ತಿಲ್ಲ ಎಂದು ನನಗೆ ತಿಳಿಯಿತು ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ. ನಾನು ಆತುರದಲ್ಲಿ, ಅಯ್ಯನವರ ಹತ್ತಿರ ನಾನೇ ಮಾತಾಡುತ್ತೇನೆ, ನೀನು ಮುಂದಿನ ಭಾನುವಾರವೇ ಕೂತು ಬಾರಿಸು ಎಂದೆ. ಅಕ್ಕ ಹೂವು ಕೆಳಗಿಟ್ಟು ನನ್ನ ಕಡೆ ತಿರುಗಿದಳು.

"ಆಕಿದು ಬಿಡು. ಕಣ್ಣು ಮುಚ್ಚಿ ನಂದು ಕೇಳಿದ್ರ ಏನಂತಿ? ಖರೇ ಹೇಳು."

ಆ ಹೊತ್ತಿಗೆ ಒಂದು ಸುಳ್ಳು ಹೇಳಬಹುದಿತ್ತು. ಅವಳು ನಂಬುತ್ತಿರಲಿಲ್ಲ, ಆದರೂ ಹೇಳಬಹುದಿತ್ತು. ಕೈ ತಡ ಆಗ್ತದಕ್ಕ ಎಂದೆ. ಹೇಳುವಾಗಲೇ ಅಳು ಬಂತು. ಅಕ್ಕ ಅಳಲಿಲ್ಲ. ನರ್ಸ್ ಆಗಿದ್ದವಳು, ಕೆಟ್ಟ ಸುದ್ದಿ ಕೇಳಿ ತಲೆಯಾಡಿಸುವುದು ಅವಳಿಗೆ ರೂಢಿ.

"ಇದಾ ಮಾತು ಅವತ್ತ ನನಗ ನೆಟ್ಟಗ ಹೇಳಿದ್ರ ನಾಕು ದಿನ ಅಳ್ತಿದ್ನಿ," ಎಂದಳು. "ಆಮ್ಯಾಲ ಒಂದ್ ಭಾನುವಾರ, ಇದು ಕಡೀ ಸಲ ಅಂತ ಗೊತ್ತಿದ್ದು, ಕೂತು ಬಾರಿಸಿ, ಮುಚ್ಚಳ ಹಾಕಿ ಎದ್ದು ಬರ್ತಿದ್ನಿ. ನೀ ಬ್ಯಾರೆದಾಕಿ ಹೆಸರ್ಲೆ ಹೇಳಿದಿ. ನನಗ ಆ ಬೆಂಚಿನ ಮ್ಯಾಲ ಮತ್ತ ಕೂಡ್ಲಾಕ ನಾಚ್ಕಿ ಬಂತು. ಕಡೀದು ಯಾವ ಹಾಡು ಬಾರಿಸಿದ್ನಿ ಅನ್ನೋದಾ ನೆನಪಿಲ್ಲ ನನಗ."

ಒಳಗಿನಿಂದ ಯಾರೋ ಹೂವಿಗಾಗಿ ಕರೆದರು. ಅಕ್ಕ ಮಾಲೆಯ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, ದಾರ ಬಿಗಿ ಹಿಡಿ ಎಂದಳು. ಆ ಹಾಡು ಯಾವುದು ಎಂದು ನೆನಪಿಸಿಕೊಳ್ಳಲು ನಾನೂ ಬಹಳ ಯತ್ನಿಸಿದೆ. ಅವಳು ಬೆಂಚು ಬಿಡುವ ಹಿಂದಿನ ಭಾನುವಾರ ನಾನೂ ಭಾಲ್ಕಿಯಿಂದ ಬಂದು ಅದೇ ಚರ್ಚಿನಲ್ಲಿ ಎರಡನೆಯ ಸಾಲಿನಲ್ಲಿ ಕೂತಿದ್ದೆ. ಅವಳ ಬಲಗೈ ಎಲ್ಲೆಲ್ಲಿ ತಡವಾಯಿತು ಎಂಬುದಷ್ಟೇ ನೆನಪಿದೆ.